ಕೆಜಿಎಫ್ ಗಣಿ, ಅಣುತ್ಯಾಜ್ಯ, ಬೋರ್‌ವೆಲ್ ಯುರೇನಿಯಂ: ಯಾವುದು ನಿಜ, ಯಾವುದು ವದಂತಿ?

ಬಂಗಾರಪೇಟೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಿದ್ಯುತ್ ಉತ್ಪಾದನೆಯ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ಕೆಜಿಎಫ್ ಗಣಿಯೊಳಗೆ ಅಣುಕಸ ತುಂಬಿದ್ದಾರಂತೆ, ಅದಕ್ಕೇ ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಬರುತ್ತಿದೆಯಂತೆ, ಹೌದೇ?’ ಎಂದು ಕೇಳಿದಳು. ಅವಳ ಅಣ್ಣನ ಮೊಬೈಲ್‌ಗೆ ಯಾರೋ ಕಳಿಸಿದ ಸಂದೇಶ ಅದು. ತಲೆಬುರುಡೆಯ ಚಿತ್ರ, ಹೆಸರಿಲ್ಲದ ‘ಹಿರಿಯ ವಿಜ್ಞಾನಿ’ಯ ಮಾತು, ಕೊನೆಯಲ್ಲಿ ಎಲ್ಲರಿಗೂ ಕಳಿಸಿ ಎಂಬ ಅಪ್ಪಣೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಣುಸ್ಥಾವರಗಳನ್ನು ವಿರೋಧಿಸುವವಳು. ಹಾಗಿದ್ದೂ ಈ ಸಂದೇಶ ನೋಡಿ ನನಗೆ ಸಿಟ್ಟು ಬಂತು. ಗಟ್ಟಿ ಕಾರಣಗಳು ಕೈಯಲ್ಲಿರುವಾಗ ಕಟ್ಟುಕತೆ ಹರಡುವುದು ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡ ಹಾಗೆ. ನಾಳೆ ತಿಳಿದವರು ಯಾರಾದರೂ ಬಂದು ‘ಇದು ಸುಳ್ಳು’ ಎಂದು ತೋರಿಸಿದರೆ, ಅದರ ಜೊತೆಗೆ ನಾವು ಹೇಳುವ ನಿಜವೂ ಕೊಚ್ಚಿಕೊಂಡು ಹೋಗುತ್ತದೆ.

ಪೋಷಕರ ಸಭೆಯಲ್ಲಿ ಈ ವಿಷಯ ಮಾತನಾಡಬೇಕೆಂದಿದ್ದೇನೆ. ಕೆಜಿಎಫ್‌ನ ಹಿರಿಯರು, ಕೈಗಾ ಅಣುಸ್ಥಾವರದ ಕಡೆಯವರು, ವಿದ್ಯುತ್ ನಿಗಮದಲ್ಲಿ ದುಡಿದವರು ಇಲ್ಲಿದ್ದೀರಿ. ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಹೇಳಿ. ಕೇಳಿದ್ದು, ಅನಿಸಿದ್ದು ಬೇಡ.

ಮುಳಬಾಗಿಲಿನವನು

ಮೇಡಂ, ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. 2012ರಲ್ಲಿ ಇದೇ ವಿಷಯಕ್ಕೆ ಜಿಲ್ಲೆಯಲ್ಲಿ ಅಂಗಡಿ ಮುಚ್ಚಿದ್ದು, ರಸ್ತೆ ತಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಏನೂ ಇಲ್ಲದಿದ್ದರೆ ಜನ ಸುಮ್ಮನೆ ಬೀದಿಗಿಳಿಯುತ್ತಾರೆಯೇ?

ಚಾಂಪಿಯನ್ ರೀಫ್ಸ್ ಮನೆಯವನು

ಮುಳಬಾಗಿಲಿನ ಅಣ್ಣ, ಬೆಂಕಿ ಇತ್ತು. ಎಲ್ಲಿತ್ತು ಎನ್ನುವುದನ್ನು ಸರಿಯಾಗಿ ಹೇಳಬೇಕು, ಅಷ್ಟೇ. ಸ್ವಲ್ಪ ಉದ್ದವಾಗುತ್ತದೆ, ಎಲ್ಲರೂ ಸಹಿಸಿಕೊಳ್ಳಿ.

ನಮ್ಮದು ಮೂರು ತಲೆಮಾರಿನ ಗಣಿ ಕುಟುಂಬ. ನಮ್ಮ ಗಣಿಗೂ ಅಣುವಿಜ್ಞಾನಕ್ಕೂ ನಂಟು ಹಳೆಯದು. ನೆಲದಾಳದಲ್ಲಿ ವಿಶ್ವಕಿರಣಗಳ ಕಾಟ ಕಡಿಮೆ. ಹಾಗಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇಲ್ಲಿ ಉಪಕರಣ ಹೂಡಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣದ ಸುಳಿವು 1965ರಲ್ಲಿ ಸಿಕ್ಕಿದ್ದು ಇಲ್ಲಿಯೇ. ಅದು ಶುದ್ಧ ಭೌತವಿಜ್ಞಾನ. ಅದರಲ್ಲಿ ಇಂಧನವಿಲ್ಲ, ತ್ಯಾಜ್ಯವಿಲ್ಲ. ‘ವಿಜ್ಞಾನಿಗಳು ಗಣಿಯೊಳಗೆ ಏನೋ ಬಚ್ಚಿಟ್ಟಿದ್ದಾರೆ’ ಎಂಬ ಮಾತಿಗೆ ಒಂದು ಬೇರು ಅಲ್ಲಿದೆ.

ಎರಡನೆಯ ಬೇರು 1980ರ ದಶಕದ್ದು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಗಣಿಯ ಬಳಕೆ ಬಿಟ್ಟ ಭಾಗವೊಂದರಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಂಡೆಗೆ ರಂಧ್ರ ಕೊರೆದು ವಿದ್ಯುತ್ ಹೀಟರ್‌ಗಳನ್ನು ಇಳಿಸಿ ವರ್ಷಗಟ್ಟಲೆ ಕಾಯಿಸಿದರು. ಅಣುತ್ಯಾಜ್ಯ ತನ್ನಷ್ಟಕ್ಕೆ ತಾನೇ ಬಿಸಿಯಾಗಿರುತ್ತದೆ. ಅಂಥದ್ದನ್ನು ಹೂತರೆ ಸುತ್ತಲಿನ ಬಂಡೆ ಹೇಗೆ ಹಿಗ್ಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ತಿಳಿಯುವ ಪ್ರಯೋಗ ಅದು. ಅಲ್ಲಿದ್ದದ್ದು ಹೀಟರ್ ಮಾತ್ರ. ತ್ಯಾಜ್ಯವನ್ನು ತಂದಿಟ್ಟಿರಲಿಲ್ಲ.

ಇನ್ನು 2012. ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. ತ್ಯಾಜ್ಯವನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಬಂದಾಗ ಕೇಂದ್ರದ ಕಡೆಯಿಂದ ಕೋಲಾರದ ಮುಚ್ಚಿದ ಗಣಿಯ ಹೆಸರು ಕೇಳಿಬಂತು. ನವೆಂಬರ್ ತಿಂಗಳು. ಮರುದಿನದ ಪತ್ರಿಕೆ ನೋಡಿ ಊರಿಗೆ ಊರೇ ದಂಗಾಯಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೆಲಸ ಹೋದ ಮನೆಗಳು ಹನ್ನೊಂದು ವರ್ಷದಿಂದ ಬೆಂಗಳೂರಿಗೆ ರೈಲಿನಲ್ಲಿ ಕೂಲಿಗೆ ಓಡಾಡುತ್ತಿದ್ದವು. ಅಂಥ ಊರಿನ ನಗರಸಭೆಗೆ ಒಂದು ಪತ್ರವಿಲ್ಲ, ಜನರಿಗೆ ಒಂದು ಮಾತಿಲ್ಲ. ಎಲ್ಲೋ ದೂರದ ಸ್ಥಾವರದ ಕಸಕ್ಕೆ ನಮ್ಮ ಊರು ತೊಟ್ಟಿಯಾಗುತ್ತದೆ ಎಂದು ದೆಹಲಿಯಲ್ಲಿ ಮಾತಾಗಿತ್ತು. ಬಂದ್ ಆಯಿತು, ಧರಣಿಗಳಾದವು, ಎಲ್ಲ ಪಕ್ಷದವರೂ ಸೇರಿದರು. ಆಗಿನ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರ ಸರ್ಕಾರ ಒಪ್ಪುವುದಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಕೇಂದ್ರವು ಅಂಥ ಯೋಜನೆಯೇ ಇಲ್ಲ ಎಂದು ಸ್ಪಷ್ಟನೆ ಕೊಟ್ಟಿತು.

ಆದ್ದರಿಂದ ಮೇಡಂ, ಮಕ್ಕಳಿಗೆ ಧೈರ್ಯವಾಗಿ ಹೇಳಿ: ಗಣಿಯೊಳಗೆ ಅಣುಕಸ ಹಾಕಿಲ್ಲ. ಹಾಕುವ ಮಾತು ನ್ಯಾಯಾಲಯದವರೆಗೆ ಹೋಗಿತ್ತು, ಜನ ಅದನ್ನು ತಡೆದರು. ಎರಡನ್ನೂ ಹೇಳಬೇಕು.

ಆ ಗಣಿ ಅದಕ್ಕೆ ತಕ್ಕದ್ದೂ ಆಗಿರಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ನೂರಿಪ್ಪತ್ತು ವರ್ಷ ಎಲ್ಲ ದಿಕ್ಕಿಗೂ ಕೊರೆದ ಸುರಂಗ. ನಾವು ‘ಏರ್ ಬ್ಲಾಸ್ಟ್’ ಎಂದು ಕರೆಯುವ ಬಂಡೆಸ್ಫೋಟ ಆದಾಗಲೆಲ್ಲ ಮೇಲಿನ ಮನೆಗಳ ಗೋಡೆ ನಡುಗುತ್ತಿತ್ತು, ಪಾತ್ರೆಗಳು ಅಟ್ಟದಿಂದ ಉರುಳುತ್ತಿದ್ದವು. ಗಣಿ ಮುಚ್ಚಿದ ಮೇಲೆ ಪಂಪ್‌ಗಳು ನಿಂತು ಶಾಫ್ಟ್‌ಗಳಲ್ಲಿ ನೀರು ತುಂಬಿಕೊಂಡಿದೆ. ಒಡೆದ ಬಂಡೆ, ಅದರೊಳಗೆ ನಿಂತ ನೀರು: ವಿಕಿರಣ ಹೊರಹೋಗದಂತೆ ಸಾವಿರಾರು ವರ್ಷ ಕಾಪಾಡಬೇಕಾದ ಜಾಗದಲ್ಲಿ ಇರಲೇಬಾರದ ಎರಡೂ ಇಲ್ಲಿವೆ.

ಇನ್ನೊಂದು ಮಾತು. ನಾವು ‘ಸೈನೈಡ್ ದಿಬ್ಬ’ ಎನ್ನುವ ಆ ಬೂದುಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಅದಿರುಪುಡಿ ಬಿದ್ದಿದೆ. ಆಷಾಢದ ಗಾಳಿ ಎದ್ದರೆ ಅದು ಹಗ್ಗದ ಮೇಲಿನ ಒದ್ದೆ ಬಟ್ಟೆಗೆ ಅಂಟುತ್ತದೆ, ಕಿಟಕಿಯ ಸಂದಿನಲ್ಲಿ ಗೆರೆಯಾಗಿ ಕೂರುತ್ತದೆ, ಮುಚ್ಚಿಟ್ಟ ಬಿಂದಿಗೆಯ ಕಂಠದ ಮೇಲೂ ಇರುತ್ತದೆ. ನಮ್ಮ ತಾಯಿ ಅಕ್ಕಿ ತೊಳೆಯುವ ಮುಂಚೆ ಪಾತ್ರೆಯನ್ನು ಸೆರಗಿನಿಂದ ಒರೆಸುವುದು ಈಗಲೂ ತಪ್ಪಿಲ್ಲ. ಒಂದು ಕೈಗಾರಿಕೆ ಹೋದ ಮೇಲೆ ಅದರ ಕಸ ಯಾರ ಪಾಲಿಗೆ ಉಳಿಯುತ್ತದೆ ಎನ್ನುವುದನ್ನು ನಮ್ಮೂರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 2012ರಲ್ಲಿ ಜನ ಎದ್ದದ್ದು ವದಂತಿಗಲ್ಲ. ಆ ಅನುಭವಕ್ಕೆ.

ಬಂಗಾರಪೇಟೆಯ ಶಿಕ್ಷಕಿ

ಇದನ್ನು ಹೀಗೆಯೇ ಪೋಷಕರ ಮುಂದೆ ಓದಿಸುತ್ತೇನೆ ಅಣ್ಣ. ನಿಮ್ಮ ಒಪ್ಪಿಗೆ ಇದೆ ಎಂದುಕೊಳ್ಳಲೇ?

ಚಾಂಪಿಯನ್ ರೀಫ್ಸ್ ಮನೆಯವನು

ಧಾರಾಳವಾಗಿ ಓದಿಸಿ ಮೇಡಂ.

ಶಿರಾಗೇಟ್ ನಿವೃತ್ತ ಎಂಜಿನಿಯರ್

ತುಮಕೂರಿನಿಂದ ಬರೆಯುತ್ತಿದ್ದೇನೆ. ಪ್ರಸರಣ ವಿಭಾಗದಲ್ಲಿ ಇಡೀ ಸೇವಾವಧಿ ಕಳೆದವನು. ಕೆಜಿಎಫ್ ಗಣಿ ತ್ಯಾಜ್ಯಕ್ಕೆ ತಕ್ಕ ಜಾಗವಲ್ಲ, ಕೇಳದೆ ಹೆಸರು ಎತ್ತಿದ್ದು ತಪ್ಪು. ಈ ಎರಡರಲ್ಲೂ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಹಾರಿ ಅಣುವಿದ್ಯುತ್ತೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅದರ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಮಳೆ ಕೈಕೊಟ್ಟು ಲಿಂಗನಮಕ್ಕಿಯ ನೀರು ತಳ ಕಂಡ ವರ್ಷಗಳಲ್ಲಿ ಗ್ರಿಡ್ ಹಿಡಿದು ಕೂತವರಿಗೆ ಅದರ ಬೆಲೆ ಗೊತ್ತು. ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವಾಟ್ ದಾಟಿದೆ. ರಾತ್ರಿ ಎಂಟು ಗಂಟೆಗೆ ಸೂರ್ಯ ಇರುವುದಿಲ್ಲ. ಆಗ ಉಳಿಯುವುದು ಕಲ್ಲಿದ್ದಲು. ರಾಯಚೂರಿನ ಹಾರುಬೂದಿ ತಿನ್ನುವವರೂ ನಮ್ಮ ಜನರೇ ಅಲ್ಲವೇ?

ತ್ಯಾಜ್ಯದ ಬಗ್ಗೆಯೂ ಹೇಳುತ್ತೇನೆ. ಬಳಸಿದ ಇಂಧನವನ್ನು ಹಾಗೆಯೇ ತಂದು ಹಳ್ಳದಲ್ಲಿ ಸುರಿಯುವುದಿಲ್ಲ. ಸ್ಥಾವರದ ಕೊಳದಲ್ಲಿ ವರ್ಷಗಟ್ಟಲೆ ತಣಿಸುತ್ತಾರೆ. ಆಮೇಲೆ ಮರುಸಂಸ್ಕರಣೆ ಮಾಡಿ ಪ್ಲುಟೋನಿಯಂ ಮತ್ತು ಯುರೇನಿಯಂ ಬೇರ್ಪಡಿಸುತ್ತಾರೆ. ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನೊಂದಿಗೆ ಕರಗಿಸಿ ಉಕ್ಕಿನ ಡಬ್ಬಿಯಲ್ಲಿ ಗಟ್ಟಿಮಾಡುತ್ತಾರೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆದಿದೆ. ಒಟ್ಟು ಪ್ರಮಾಣ ಕಲ್ಲಿದ್ದಲಿನ ಬೂದಿಯ ಮುಂದೆ ಏನೇನೂ ಅಲ್ಲ.

ಮಾಲೂರಿನಲ್ಲಿರುವ ಕಾರವಾರಿಗ

ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ. 962 ದಿನದ ದಾಖಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕೈಗಾದಲ್ಲಿ ದುಡಿಯುವವರಲ್ಲಿ ನನ್ನ ನೆಂಟರಿದ್ದಾರೆ, ಶಿಸ್ತಿನ ಜನ. ಆದರೆ ನೀವು ಬರೆದದ್ದು ಕೈಗಾದ ಅರ್ಧ ಕತೆ. ಉಳಿದರ್ಧವನ್ನೂ ಮೇಡಂ ಅವರ ಸಭೆಗೆ ಕೊಡುತ್ತೇನೆ.

1994ರ ಮೇ 13. ಕೈಗಾದ ಮೊದಲ ಘಟಕ ಕಟ್ಟುತ್ತಿದ್ದಾಗ ರಿಯಾಕ್ಟರಿನ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಕೆಳಗೆ ಬಿತ್ತು. ಅಪಘಾತವಾದರೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಗುಮ್ಮಟ ಅದು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ, ಕಾರ್ಮಿಕರಿಗೆ ಗಾಯಗಳಾದವು. ವಿನ್ಯಾಸ ತಿದ್ದಿ ಮತ್ತೆ ಕಟ್ಟಿ, ಘಟಕ ವಿದ್ಯುತ್ ಕೊಡುವ ಹೊತ್ತಿಗೆ 2000ನೇ ಇಸವಿ. 2009ರ ನವೆಂಬರ್‌ನಲ್ಲಿ ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರೀಷಿಯಂ, ಅಂದರೆ ವಿಕಿರಣ ಸೂಸುವ ಜಲಜನಕ, ಸೇರಿದ್ದು ಪತ್ತೆಯಾಯಿತು. ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದು ಸಾಮಾನ್ಯಕ್ಕಿಂತ ಹೆಚ್ಚಾಗಿ ಕಂಡಿತು. ಒಳಗಿನವರೇ ಯಾರೋ ಬೇಕೆಂದು ಸೇರಿಸಿದ್ದು ಎಂದು ಅಧಿಕಾರಿಗಳು ಹೇಳಿದರು. ಇರಬಹುದು. ಆದರೆ ಕೋಟೆಯಂಥ ಕಾವಲಿನೊಳಗೆ ಅದು ಸಾಧ್ಯವಾಯಿತಲ್ಲ.

ವಿರೋಧದ ಚರಿತ್ರೆಯೂ ಚಿಕ್ಕದಲ್ಲ. ಶಿವರಾಮ ಕಾರಂತರು ಎಂಬತ್ತೇಳರ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಮುಖ್ಯ ಕಾರಣ ಕೈಗಾ. ಸೋತರು. ಸುಪ್ರೀಂ ಕೋರ್ಟಿಗೂ ಹೋದರು, ಅಲ್ಲಿಯೂ ಸ್ಥಾವರ ನಿಲ್ಲಲಿಲ್ಲ. ಹೊನ್ನಾವರದ ಡಾ. ಕುಸುಮಾ ಸೊರಬ ಊರೂರು ತಿರುಗಿ ಹೆಂಗಸರನ್ನು ಸೇರಿಸಿದರು. ಇಷ್ಟಾದರೂ ಈಗ ಅಲ್ಲಿ 700 ಮೆಗಾವಾಟ್‌ನ ಇನ್ನೆರಡು ಘಟಕಗಳು ಬರುತ್ತಿವೆ. ಕಾಳಿ ನದಿಯ ಅಣೆಕಟ್ಟುಗಳಿಗೆ ಒಮ್ಮೆ ನೆಲ ಬಿಟ್ಟುಕೊಟ್ಟ ಕಣಿವೆಗೇ ಮತ್ತೆ ಮತ್ತೆ ಹೊರೆ. ಇದು ನನ್ನ ಎದೆಯಲ್ಲಿ ಉರಿಯುವ ವಿಷಯ.

ಶಿರಾಗೇಟ್ ನಿವೃತ್ತ ಎಂಜಿನಿಯರ್

ಗುಮ್ಮಟ ಬಿದ್ದದ್ದು ನಿಜ. ತಪ್ಪು ಕಂಡು ತಿದ್ದಿದ್ದಾರೆ ಎನ್ನುವುದೂ ನಿಜ.

ಮುಳಬಾಗಿಲಿನವನು

ಸಾಹೇಬರೇ, ಗಾಜಿನಲ್ಲಿ ಗಟ್ಟಿಮಾಡುತ್ತಾರೆ ಎಂದಿರಿ. ಆ ಡಬ್ಬಿಗಳನ್ನು ಕೊನೆಗೆ ಎಲ್ಲಿಡುತ್ತಾರೆ?

ಶಿರಾಗೇಟ್ ನಿವೃತ್ತ ಎಂಜಿನಿಯರ್

ಸದ್ಯಕ್ಕೆ ತಾರಾಪುರದಂಥ ಕಡೆ, ಗಾಳಿಯಿಂದ ತಣಿಯುವ ನೆಲಮಾಳಿಗೆಗಳಲ್ಲಿ. ಶಾಶ್ವತವಾದ ಆಳದ ಭಂಡಾರ ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ.

ಬಂಗಾರಪೇಟೆಯ ಶಿಕ್ಷಕಿ

ನನ್ನ ವಿರೋಧದ ಬುಡ ಇಲ್ಲಿದೆ ಸರ್. ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 24,000 ವರ್ಷ. ಮರುಸಂಸ್ಕರಣೆಯಲ್ಲಿ ಅದನ್ನು ಬಹುಪಾಲು ಬೇರ್ಪಡಿಸಿದರೂ, ಗಾಜಿನೊಳಗೆ ಉಳಿಯುವ ಸೀಸಿಯಂ, ಸ್ಟ್ರಾಂಷಿಯಂಗಳು ತಣಿಯಲು ಕೆಲವು ಶತಮಾನಗಳು ಬೇಕು. ನಮ್ಮ ಜಿಲ್ಲೆಯ ಚಿನ್ನದ ಗಣಿ ನೂರಿಪ್ಪತ್ತು ವರ್ಷ ನಡೆದು ಮುಚ್ಚಿತು. ಮುಚ್ಚಿ ಕಾಲು ಶತಮಾನವಾದರೂ ದಿಬ್ಬದ ದೂಳಿಗೆ ಒಡೆಯರಿಲ್ಲ. ಶತಮಾನಗಳ ಕಾವಲಿನ ಮಾತು ಕೊಡುವವರು ಯಾವ ಬಾಯಲ್ಲಿ ಕೊಡುತ್ತಾರೆ?

ಫಿನ್ಲೆಂಡಿನ ಉದಾಹರಣೆಯನ್ನು ಅಣುಶಕ್ತಿಯ ಪರ ಇರುವವರು ಹೆಮ್ಮೆಯಿಂದ ಹೇಳುತ್ತಾರೆ. ಒಲ್ಕಿಲುವೋಟೋ ದ್ವೀಪದ ಬಂಡೆಯಲ್ಲಿ 400 ಮೀಟರಿಗೂ ಆಳದಲ್ಲಿ ಓಂಕಲೋ ಎಂಬ ಭಂಡಾರ ಕೊರೆದಿದ್ದಾರೆ. ನಾನು ಆ ಬಂಡೆಗಿಂತ ಹೆಚ್ಚಾಗಿ ಅಲ್ಲಿನ ಕಾನೂನನ್ನು ಮೆಚ್ಚುತ್ತೇನೆ. ಇಂಥ ಯೋಜನೆಗೆ ಸ್ಥಳೀಯ ಪಂಚಾಯಿತಿ ‘ಬೇಡ’ ಎಂದರೆ ಅದು ಬೇಡವೇ. ಯೂರಾಯೋಕಿ ಎಂಬ ಆ ಊರಿನ ಸ್ಥಳೀಯ ಮಂಡಳಿ 2000ದಲ್ಲಿ ಮತ ಹಾಕಿ ಒಪ್ಪಿದ ಮೇಲೆಯೇ ಕೆಲಸ ಮುಂದುವರಿದದ್ದು. ನಮ್ಮ ಗ್ರಾಮಸಭೆಗೆ ಆ ಒಂದು ‘ಬೇಡ’ದ ಅಧಿಕಾರ ಕೊಡಲಿ. ಆಮೇಲೆ ಚರ್ಚೆಯ ರೀತಿಯೇ ಬೇರೆಯಾಗುತ್ತದೆ.

ತಿಪಟೂರು ವಕೀಲ

ಮೇಡಂ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾರೆ. ಕಾನೂನಿನ ಕಡೆಯಿಂದ ಕೆಲವು ಮಾತು.

ನಮ್ಮಲ್ಲಿ ಜಾಗದ ಆಯ್ಕೆ ಮೇಲಿನಿಂದ ಬರುತ್ತದೆ. ಪರಿಸರ ಕಾನೂನಿನಡಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಅಲ್ಲಿ ನೀವು ಹೇಳಿದ್ದನ್ನು ದಾಖಲಿಸುತ್ತಾರೆ, ಅದಕ್ಕೆ ತಡೆಯುವ ಶಕ್ತಿಯಿಲ್ಲ. 1962ರ ಪರಮಾಣು ಶಕ್ತಿ ಕಾಯ್ದೆ ಮಾಹಿತಿಯನ್ನು ಮುಚ್ಚಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ನಿಗಾ ವಹಿಸಬೇಕಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಬರೀ ಸರ್ಕಾರಿ ಆದೇಶದ ಮೇಲೆ ಹುಟ್ಟಿದ್ದು. ಅದಕ್ಕೆ ಸ್ವಾತಂತ್ರ್ಯ ಸಾಲದು ಎಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು.

2010ರ ಹೊಣೆಗಾರಿಕೆ ಕಾಯ್ದೆಯಲ್ಲಿ ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿ ರೂಪಾಯಿಯ ಮಿತಿ ಇತ್ತು. ಅದು ಕಡಿಮೆ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ಆದರೆ ಅದರ 17ನೇ ಕಲಮಿನಲ್ಲಿ ಒಂದು ಒಳ್ಳೆಯ ಅಂಶವಿತ್ತು. ದೋಷವಿರುವ ಯಂತ್ರ ಕೊಟ್ಟ ಪೂರೈಕೆದಾರನ ಮೇಲೆ ಸ್ಥಾವರದವರು ಪರಿಹಾರಕ್ಕಾಗಿ ಹೋಗಬಹುದಿತ್ತು. ಭೋಪಾಲದ ನೆನಪಿನಿಂದ ಬಂದ ಕಲಮು ಅದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಎಂಬ ಹೆಸರಿನ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟು 1962ರ ಮತ್ತು 2010ರ ಎರಡೂ ಕಾಯ್ದೆಗಳನ್ನು ತೆಗೆದುಹಾಕಿತು. ಖಾಸಗಿ ಕಂಪನಿಗಳು ಸ್ಥಾವರ ನಡೆಸಬಹುದು. ನಿಯಂತ್ರಣ ಮಂಡಳಿಗೆ ಶಾಸನದ ನೆಲೆ ಸಿಕ್ಕಿದ್ದು ಒಳ್ಳೆಯದೇ. ಪೂರೈಕೆದಾರನ ಮೇಲಿನ ಆ ಹಕ್ಕು ಮಾತ್ರ ಹೋಯಿತು. 2047ರ ಹೊತ್ತಿಗೆ 100 ಗಿಗಾವಾಟ್ ಎಂಬ ಗುರಿಯನ್ನೂ ಕೇಂದ್ರ ಇಟ್ಟುಕೊಂಡಿದೆ. ಈಗಿರುವುದು ಅದರ ಹತ್ತನೇ ಒಂದು ಭಾಗವೂ ಅಲ್ಲ. ಅಂದರೆ ಹೊಸ ಜಾಗಗಳ ಹುಡುಕಾಟ ಜೋರಾಗುತ್ತದೆ, ಹೊಸ ಊರುಗಳ ಹೆಸರು ಬರುತ್ತದೆ.

ಕೂಡಂಕುಳಂನಲ್ಲಿ ಸಾವಿರಾರು ಮೀನುಗಾರರ ಮೇಲೆ ದೇಶದ್ರೋಹದ ಮೊಕದ್ದಮೆ ಹೂಡಿದ್ದರು. 2013ರ ಮೇ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಒಪ್ಪಿಗೆ ಕೊಟ್ಟಿತಾದರೂ, ಪ್ರತಿಭಟನಕಾರರ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಹಿಂದಕ್ಕೆ ಪಡೆಯಲು ಪ್ರಯತ್ನಿಸಿ ಎಂದಿತು. ಇನ್ನೊಂದು ಕಡೆ ಪಶ್ಚಿಮ ಬಂಗಾಳದ ಹರಿಪುರ, ಗುಜರಾತಿನ ಮಿಠಿವಿರ್ಡಿಗಳಲ್ಲಿ ಜನರ ವಿರೋಧದಿಂದ ಯೋಜನೆ ಹಿಂದೆ ಸರಿಯಿತು. ನಮ್ಮ ಪಾವಗಡದ ಮಗ್ಗುಲಲ್ಲೇ ಚಳ್ಳಕೆರೆಯ ಅಮೃತಮಹಲ್ ಕಾವಲುಗಳು, ಅಂದರೆ ದನಕುರಿ ಮೇಯುವ ಹುಲ್ಲುಗಾವಲುಗಳಿವೆ. ಸಾವಿರಾರು ಎಕರೆ ರಕ್ಷಣಾ, ಅಂತರಿಕ್ಷ, ಪರಮಾಣು ಸಂಸ್ಥೆಗಳಿಗೆ ಹಂಚಿಕೆಯಾದದ್ದು ಕುರಿ ಮೇಯಿಸುವವರಿಗೆ ಗೊತ್ತಾದದ್ದು ಬೇಲಿ ಎದ್ದ ಮೇಲೆ. ಅವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು.

ತಿರುಮಣಿ ರೈತ

ಪಾವಗಡದ ಹೆಸರು ಬಂದದ್ದರಿಂದ ನಾನೂ ಬರೆಯುತ್ತೇನೆ. ಅಣುಸ್ಥಾವರ ಬೇಡ, ಸೋಲಾರ್ ಸಾಕು ಎನ್ನುವವರು ನಮ್ಮ ಊರಿಗೆ ಒಮ್ಮೆ ಬಂದು ನೋಡಬೇಕು.

ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಫಲಕಗಳು ನಿಂತಿವೆ. ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಪಹಣಿಯಲ್ಲಿ ಈಗಲೂ ನನ್ನ ಹೆಸರೇ ಇದೆ. ಮಳೆ ನಂಬಿ ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡ ನನಗೆ ಅದು ದೊಡ್ಡ ಆಸರೆ.

ಆದರೆ ನನ್ನ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಹೆಂಗಸರಿಗೆ ಬಾಡಿಗೆ ಬರುವುದಿಲ್ಲ. ಅವರ ಹೆಸರಿನಲ್ಲಿ ಪಹಣಿಯೇ ಇಲ್ಲ. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕೀಳುವ ಕೆಲಸ ಸಿಕ್ಕಿತು, ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು. ಕುರಿಗಾರರು ಬೇಲಿಯ ಸುತ್ತ ಮೈಲಿಗಟ್ಟಲೆ ಬಳಸಿ ಹೋಗುತ್ತಾರೆ. ಹೀಗಿದ್ದರೂ ಇದರಲ್ಲಿ ಒಂದು ಸಮಾಧಾನವಿದೆ. ಗುತ್ತಿಗೆ 28 ವರ್ಷದ್ದು. ಮುಗಿದ ಮೇಲೆ ಫಲಕ ಬಿಚ್ಚಿದರೆ ನನ್ನ ಮೊಮ್ಮಗ ನೇಗಿಲು ಹೂಡಬಹುದು. ಅಣುಸ್ಥಾವರದ ನೆಲದಲ್ಲಿ ಯಾರ ಮೊಮ್ಮಗ ಹೂಡುತ್ತಾನೆ?

ಶಿರಾಗೇಟ್ ನಿವೃತ್ತ ಎಂಜಿನಿಯರ್

ತಿರುಮಣಿಯವರೇ, ನಿಮ್ಮ ಮಾತು ನ್ಯಾಯವಾದದ್ದು. ಒಂದು ಲೆಕ್ಕ ಮಾತ್ರ ಸೇರಿಸುತ್ತೇನೆ. 2,050 ಎನ್ನುವುದು ನಡುಮಧ್ಯಾಹ್ನದ ಗರಿಷ್ಠ. ರಾತ್ರಿ, ಮೋಡ ಎಲ್ಲ ಕಳೆದು ಸರಾಸರಿ ತೆಗೆದರೆ ಅದರ ಐದನೇ ಒಂದು ಭಾಗದ ಆಸುಪಾಸು. ಕೈಗಾದ 880 ಮೆಗಾವಾಟ್ ಸರಾಸರಿಯಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತದೆ, ಅದೂ ರಾತ್ರಿಯ ಹೊತ್ತಿನಲ್ಲೂ. ಸೋಲಾರ್ ನಂಬಬೇಕಾದರೆ ವಿದ್ಯುತ್ ಕೂಡಿಡಬೇಕು. ಅದಕ್ಕಾಗಿ ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲಕ್ಕೆ ಎತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ, ಮಾಡಹೊರಟರೆ ಅಲ್ಲಿಯೂ ಕಾಡಿನ ಪ್ರಶ್ನೆ, ಅಲ್ಲಿಯೂ ವಿರೋಧ. ಎಲ್ಲವನ್ನೂ ಬೇಡ ಎನ್ನುತ್ತಾ ಹೋದರೆ 1902ಕ್ಕೆ ಹಿಂದಿನ ಕಾಲಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಶಿವನಸಮುದ್ರದಿಂದ ಮೊದಲ ವಿದ್ಯುತ್ ಬಂದದ್ದು ಕೆಜಿಎಫ್‌ಗೇ.

ಚಾಂಪಿಯನ್ ರೀಫ್ಸ್ ಮನೆಯವನು

ಹೌದು ಸರ್, ಬಂತು. ಬಂದದ್ದು ಗಣಿಯ ಯಂತ್ರಗಳಿಗೆ. ಕೂಲಿ ಲೈನಿನ ತಟ್ಟಿ ಮನೆಗಳಲ್ಲಿ ಬುಡ್ಡಿದೀಪ ಎಷ್ಟೋ ವರ್ಷ ಮುಂದುವರಿಯಿತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಬಾಗೇಪಲ್ಲಿ ಆಶಾ ಕಾರ್ಯಕರ್ತೆ

ದೊಡ್ಡವರೆಲ್ಲ ಗುಮ್ಮಟ, ಕಾಯ್ದೆ ಎಂದು ಮಾತನಾಡುತ್ತಿದ್ದೀರಿ. ಆ ಹುಡುಗಿಯ ಪ್ರಶ್ನೆಯ ಎರಡನೆಯ ಅರ್ಧ ಹಾಗೆಯೇ ಉಳಿದಿದೆ. ನಮ್ಮ ನೀರಿನಲ್ಲಿ ಯುರೇನಿಯಂ ಇದೆಯೋ ಇಲ್ಲವೋ? ಇದ್ದರೆ ಎಲ್ಲಿಂದ ಬಂತು? ನಾನು ಮನೆಮನೆಗೆ ಹೋಗುವವಳು. ಬಸುರಿಯರು ಕೇಳುತ್ತಾರೆ.

ಗೌರಿಬಿದನೂರು ಎಂ.ಎಸ್ಸಿ. ವಿದ್ಯಾರ್ಥಿ

ಅಕ್ಕ, ನಾನು ಭೂವಿಜ್ಞಾನ ಓದುತ್ತಿದ್ದೇನೆ. ಹೇಳುತ್ತೇನೆ.

ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ನಿಯಂತ್ರಣ ಮಂಡಳಿಯ ಮಿತಿ 60 ಮೈಕ್ರೋಗ್ರಾಂ. ಅದನ್ನೂ 48 ಹಳ್ಳಿಗಳು ದಾಟಿದ್ದವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳು ಆ ಸೀಮೆಯೊಳಗೇ ಬರುತ್ತವೆ.

ಆದರೆ ಅದಕ್ಕೂ ಕೆಜಿಎಫ್ ಗಣಿಗೂ, ಯಾವ ಅಣುಸ್ಥಾವರಕ್ಕೂ ಸಂಬಂಧವಿಲ್ಲ. ನಮ್ಮ ಕಾಲಡಿಯ ಬಂಡೆ ಕಣಶಿಲೆ, ಅಂದರೆ ಗ್ರಾನೈಟ್ ಜಾತಿಯದು. ಅದರಲ್ಲಿ ಯುರೇನಿಯಂ ಹುಟ್ಟಿನಿಂದಲೇ ಅಲ್ಪಸ್ವಲ್ಪ ಇರುತ್ತದೆ. ತೆರೆದ ಬಾವಿಗಳ ಕಾಲದಲ್ಲಿ ನಾವು ಕುಡಿಯುತ್ತಿದ್ದದ್ದು ಮಳೆಯಿಂದ ಇಂಗಿದ ಮೇಲುನೀರು. ಈಗ ಸಾವಿರ, ಸಾವಿರದೈನೂರು ಅಡಿ ಕೊರೆದು, ಬಂಡೆಯ ಬಿರುಕಿನಲ್ಲಿ ಬಹಳ ಕಾಲದಿಂದ ನಿಂತ ನೀರನ್ನು ಎತ್ತುತ್ತಿದ್ದೇವೆ. ಕಲ್ಲಿನ ಜೊತೆ ಅಷ್ಟು ಕಾಲ ಇದ್ದ ನೀರಿಗೆ ಫ್ಲೋರೈಡೂ ಯುರೇನಿಯಮ್ಮೂ ಇಳಿದಿರುತ್ತವೆ. ಈ ಪ್ರಮಾಣದಲ್ಲಿ ವಿಕಿರಣಕ್ಕಿಂತ ಮೂತ್ರಪಿಂಡಕ್ಕೆ ಆಗುವ ರಾಸಾಯನಿಕ ತೊಂದರೆಯೇ ಹೆಚ್ಚಿನದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಮಂದವಾಗುತ್ತದೆ. ಆರ್.ಒ. ಶುದ್ಧೀಕರಣ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ.

ಎಲ್ಲ ಅಣುಸಂಸ್ಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಕೇಂದ್ರದ ಭೂಕಂಪನ ಮಾಪಕಗಳ ಸಾಲಿದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆಯಾದರೆ ಅದರ ಕಂಪನ ಇಲ್ಲಿ ದಾಖಲಾಗುತ್ತದೆ. ಊರಿನಲ್ಲಿ ಅದನ್ನೂ ‘ಅಣು ಫ್ಯಾಕ್ಟರಿ’ ಎಂದು ಹೆದರುವವರಿದ್ದಾರೆ. ಅಲ್ಲಿರುವುದು ಕಂಪನ ಕೇಳಿಸಿಕೊಳ್ಳುವ ಯಂತ್ರಗಳು.

ಬಾಗೇಪಲ್ಲಿ ಆಶಾ ಕಾರ್ಯಕರ್ತೆ

ತಮ್ಮ, ಬಹಳ ಉಪಕಾರವಾಯಿತು. ಆದರೆ ಆರ್.ಒ. ಎಂದಿರಲ್ಲ, ಅದರ ಬಗ್ಗೆ ನನಗೊಂದು ಸಂಕಟವಿದೆ. ನಮ್ಮೂರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಅದೇ ಹೊತ್ತಿಗೆ ಹಿಂದಿನ ಗೋಡೆಯಿಂದ ಒಂದು ಬಿಳಿ ಪೈಪಿನಲ್ಲಿ ಬೇಡದ ನೀರು ಸುರಿಯುತ್ತಿರುತ್ತದೆ. ಆ ಪೈಪಿನ ಬಾಯಿಗೆ ಉಪ್ಪು ಕಟ್ಟಿ ಹೆಪ್ಪಾಗಿದೆ. ಆ ನೀರು ಚರಂಡಿಗೆ, ಚರಂಡಿಯಿಂದ ಕುಂಟೆಗೆ. ಕುಂಟೆಯಲ್ಲಿ ಎಮ್ಮೆ ಕುಡಿಯುತ್ತವೆ. ಶುದ್ಧ ನೀರಿನಿಂದ ತೆಗೆದ ವಿಷವೆಲ್ಲ ಆ ಪೈಪಿನಲ್ಲೇ ತಾನೇ ಹೋಗುವುದು?

ಗೌರಿಬಿದನೂರು ಎಂ.ಎಸ್ಸಿ. ವಿದ್ಯಾರ್ಥಿ

ಹೌದು ಅಕ್ಕ, ಅದರಲ್ಲೇ. ಮೂಲ ನೀರಿಗಿಂತ ಅದು ಮಂದವಾಗಿಯೂ ಇರುತ್ತದೆ. ಫಿಲ್ಟರಿನ ಪೊರೆ ಹಳತಾಗಿ ಬದಲಿಸದಿದ್ದರೆ ಕ್ಯಾನಿನ ನೀರಿಗೂ ಬರುತ್ತದೆ.

ಬಂಗಾರಪೇಟೆಯ ಶಿಕ್ಷಕಿ

ಇಷ್ಟನ್ನೆಲ್ಲ ಓದಿದ ಮೇಲೆ ಸಭೆಯನ್ನು ಎರಡು ಮಾಡಬೇಕು ಅನಿಸಿತು. ನೀರಿನ ಯುರೇನಿಯಂ ಮತ್ತು ಅಣುಸ್ಥಾವರದ ವಿರೋಧ ಎರಡನ್ನೂ ಕಲಸಿದ್ದರಿಂದಲೇ ಆ ಸಂದೇಶ ಹುಟ್ಟಿದ್ದು. ನೀರಿನದು ಈ ವಾರದ ಕೆಲಸ. ಅದಕ್ಕೆ ಗ್ರಾಮ ಪಂಚಾಯಿತಿಯೇ ಉತ್ತರ ಹೇಳಬೇಕು. ಅಣುತ್ಯಾಜ್ಯದ್ದು ಬೇರೆ. ಅಲ್ಲಿ ನಾನು ಪೋಷಕರ ಮುಂದಿಡುವ ಬೇಡಿಕೆ ಒಂದೇ: ಊರಿನ ಹೆಸರು ಕಡತಕ್ಕೆ ಸೇರುವ ಮುಂಚೆ ಊರನ್ನು ಕೇಳಬೇಕು, ಊರಿನ ‘ಬೇಡ’ಕ್ಕೆ ಕಾನೂನಿನ ಬಲ ಇರಬೇಕು. ಎಂಜಿನಿಯರ್ ಸರ್, ಈ ಬೇಡಿಕೆಯನ್ನಾದರೂ ನೀವು ಒಪ್ಪುತ್ತೀರಾ?

ಶಿರಾಗೇಟ್ ನಿವೃತ್ತ ಎಂಜಿನಿಯರ್

ಕೇಳಬೇಕು ಎನ್ನುವುದನ್ನು ಪೂರ್ಣ ಒಪ್ಪುತ್ತೇನೆ. ‘ಬೇಡ’ ಎಂಬುದೇ ಅಂತಿಮ ಎನ್ನುವುದಕ್ಕೆ ನನ್ನ ಮನಸ್ಸು ಇನ್ನೂ ಬರುತ್ತಿಲ್ಲ. ಎಲ್ಲ ಊರೂ ಬೇಡ ಎಂದರೆ ಈಗಾಗಲೇ ಇರುವ ತ್ಯಾಜ್ಯವನ್ನು ಏನು ಮಾಡುವುದು? ನಾಳೆ ಎಲ್ಲ ಸ್ಥಾವರ ಮುಚ್ಚಿದರೂ ಅದು ಇರುತ್ತದೆ. ಇದಕ್ಕೆ ವಿರೋಧಿಸುವವರೂ ಉತ್ತರ ಕೊಡಬೇಕು.

ಬಂಗಾರಪೇಟೆಯ ಶಿಕ್ಷಕಿ

ಕೊಡಬೇಕು ಸರ್. ನನ್ನ ಉತ್ತರ ಇದು: ಮೊದಲು ಹೊಸದನ್ನು ಹುಟ್ಟಿಸುವುದು ನಿಲ್ಲಲಿ. ಇರುವುದನ್ನು ಅದು ಹುಟ್ಟಿದ ಸ್ಥಾವರದ ಆವರಣದಲ್ಲೇ, ಎಲ್ಲರ ಕಣ್ಣಿಗೆ ಕಾಣುವಂತೆ, ಲೆಕ್ಕ ಬಹಿರಂಗಪಡಿಸಿ ಕಾಪಾಡಲಿ. ಸಭೆಗೆ ನೀವೂ ಬನ್ನಿ, ನಿಮ್ಮ ವಾದವನ್ನು ನೀವೇ ಹೇಳಿ. ಮಕ್ಕಳು ಎರಡನ್ನೂ ಕೇಳಲಿ.

ಶಿರಾಗೇಟ್ ನಿವೃತ್ತ ಎಂಜಿನಿಯರ್

ದಿನ ತಿಳಿಸಿ. ಬರುತ್ತೇನೆ.

ಬಾಗೇಪಲ್ಲಿ ಆಶಾ ಕಾರ್ಯಕರ್ತೆ

ನೀರಿನ ಪರೀಕ್ಷೆಗೆ ಅರ್ಜಿ ಹೇಗೆ ಬರೆಯಬೇಕು ಎಂದು ಯಾರಾದರೂ ಹೇಳಿ. ಹೋದ ಸಲ ಕೊಟ್ಟ ಮಾದರಿಯ ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಇಷ್ಟೇ ಇತ್ತು.

ಗೌರಿಬಿದನೂರು ಎಂ.ಎಸ್ಸಿ. ವಿದ್ಯಾರ್ಥಿ

ಸಾಮಾನ್ಯ ಪರೀಕ್ಷೆಯಲ್ಲಿ ಯುರೇನಿಯಂ ಸೇರಿರುವುದಿಲ್ಲ ಅಕ್ಕ. ‘ಯುರೇನಿಯಂ ಪ್ರಮಾಣವನ್ನೂ ಪರೀಕ್ಷಿಸಿ, ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಲಿಖಿತ ವರದಿ ಕೊಡಿ’ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಅವರ ಸಹಿ ಹಾಕಿಸಿ, ಸ್ವೀಕೃತಿ ಪಡೆಯಿರಿ. ಮೂರು ಬಾಟಲಿ ಕೊಡಿ: ಬೋರ್‌ವೆಲ್ಲಿನಿಂದ ನೇರವಾಗಿ ಒಂದು, ಕ್ಯಾನಿನ ನೀರು ಒಂದು, ಆ ಬಿಳಿ ಪೈಪಿನದು ಒಂದು. ಪಂಪ್ ಹಾಕಿ ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು ಆಮೇಲೆ ಹಿಡಿಯಿರಿ. ಬಾಟಲಿಗಳ ಮೇಲೆ ಜಾಗ, ದಿನಾಂಕ, ಕೊಳವೆಬಾವಿಯ ಆಳ ಬರೆದಿಡಿ. ಭಾನುವಾರ ನಾನು ಬಾಗೇಪಲ್ಲಿಗೆ ಬರುವವನಿದ್ದೇನೆ, ಬಾಟಲಿ ತರುತ್ತೇನೆ.

ಬಾಗೇಪಲ್ಲಿ ಆಶಾ ಕಾರ್ಯಕರ್ತೆ

ಆಗಲಿ ತಮ್ಮ, ಬೆಳಿಗ್ಗೆಯೇ ಬನ್ನಿ. ಹತ್ತು ಗಂಟೆಯ ಮೇಲೆ ನಮ್ಮಲ್ಲಿ ತ್ರೀ ಫೇಸ್ ಇರುವುದಿಲ್ಲ, ಪಂಪ್ ಓಡುವುದಿಲ್ಲ.